ತನಿ ಬಂದಾಗ ಏಳಬಾರದು

ನಮ್ಮ ಮನೆಯ ಗ್ಯಾರೇಜಿನಲ್ಲಿ ಆರು ರಟ್ಟಿನ ಪೆಟ್ಟಿಗೆಗಳಿವೆ. ಅವುಗಳ ತುಂಬ ಹಳೆಯ ಕ್ಯಾಸೆಟ್‌ಗಳು. ಮೊಮ್ಮಗ ಬಂದಾಗಲೆಲ್ಲ ಒಂದೇ ಪ್ರಶ್ನೆ: "ಅಜ್ಜಿ, ಇದೆಲ್ಲ ಈಗ ಇಂಟರ್‌ನೆಟ್‌ನಲ್ಲಿ ಬಿಟ್ಟಿ ಸಿಗುತ್ತೆ. ಯಾಕೆ ಇಟ್ಕೊಂಡಿದ್ದೀಯ?"

ಅವನು ಹೇಳುವುದು ನಿಜವೇ. ಉತ್ತರ ಹೇಳಬೇಕಾದರೆ ಚಾಮರಾಜಪೇಟೆಯಿಂದ ಶುರುಮಾಡಬೇಕು.

ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ. ರಾಮನವಮಿ ಬಂತೆಂದರೆ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಚಪ್ಪರ ಏಳುತ್ತಿತ್ತು, ದಿನಾ ಸಂಜೆ ಕಚೇರಿ. ಅಪ್ಪ ಅಂಚೆ ಕಚೇರಿಯ ಗುಮಾಸ್ತರು. ದಿನವೂ ಟಿಕೆಟ್ ಕೊಳ್ಳುವ ಶಕ್ತಿ ಇರಲಿಲ್ಲ. ದುಡ್ಡಿದ್ದ ದಿನ ಒಳಗೆ, ಇಲ್ಲದ ದಿನ ಹೊರಗೆ ರಸ್ತೆ ಬದಿಯಲ್ಲಿ ಪೇಪರು ಹಾಸಿಕೊಂಡು ಧ್ವನಿವರ್ಧಕದ ಕೆಳಗೆ. ಜೊತೆಗೆ ನಾನು.

ಕಚೇರಿಯಲ್ಲಿ ದೊಡ್ಡ ಕೃತಿ ಮುಗಿಯುತ್ತಾ ಬಂದಾಗ ಹಾಡುವವರೂ ಪಿಟೀಲಿನವರೂ ಸುಮ್ಮನಾಗಿ, ಮೃದಂಗ ಘಟಗಳವರು ಮಾತ್ರ ನುಡಿಸುತ್ತಾರೆ. ಅದು ತನಿ ಆವರ್ತನ. ಆಗಲೇ ಅರ್ಧ ಸಭೆ ಕಾಫಿಗೆ ಏಳುತ್ತದೆ. ಅಪ್ಪನಿಗೆ ಬರುತ್ತಿದ್ದ ಕೋಪ ಅದೊಂದೇ. "ಇಷ್ಟು ಹೊತ್ತು ಅವರು ಬೇರೆಯವರಿಗೋಸ್ಕರ ನುಡಿಸಿದ್ದಾರೆ. ಈಗ ಅವರ ಸರದಿ. ತನಿ ಬಂದಾಗ ಏಳಬಾರದು ಮಗಳೇ" ಅನ್ನುತ್ತಿದ್ದರು.

1981ರಲ್ಲಿ ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಬಂದೆ. ಯಜಮಾನರು ಎಂಜಿನಿಯರು, ನನಗೆ ಊರಿನ ಗ್ರಂಥಾಲಯದಲ್ಲಿ ಕೆಲಸ. 1984ರ ಜುಲೈನಲ್ಲಿ ಅಲ್ಲಿನ ಗೆಳತಿಯೊಬ್ಬಳು, "ನೀನು ಸಂಗೀತದ ಮನೆಯವಳಲ್ಲವೇ, ಬಾ" ಎಂದು ಬರ್ಕ್ಲಿಯ ಗ್ರೀಕ್ ಥಿಯೇಟರಿಗೆ ಕರೆದುಕೊಂಡು ಹೋದಳು. ಗುಡ್ಡದ ಮಗ್ಗುಲಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಬಯಲು ರಂಗಮಂದಿರ. ಹಾಡುವವರು ಗ್ರೇಟ್‌ಫುಲ್ ಡೆಡ್ ಎಂಬ ತಂಡದವರು.

1965ರಲ್ಲಿ ಪಾಲೊ ಆಲ್ಟೊ ಊರಿನಲ್ಲಿ ಹುಟ್ಟಿದ ತಂಡ ಅದು. ಮುಂದಾಳಿನಂತಿದ್ದ ಗಿಟಾರ್‌ವಾದಕ ಜೆರ್ರಿ ಗಾರ್ಸಿಯಾ. ನಾಲ್ಕು ವರ್ಷದವನಿದ್ದಾಗಲೇ ಕೊಡಲಿ ಏಟು ಬಿದ್ದು ಬಲಗೈಯ ನಡುಬೆರಳಿನ ಬಹುಪಾಲು ಹೋಗಿತ್ತು. ಮಿಕ್ಕ ಬೆರಳುಗಳಲ್ಲೇ ಅವನು ಅಷ್ಟು ನುಡಿಸುತ್ತಿದ್ದ. ಇವತ್ತು ಹಾಡಿದ ಪಟ್ಟಿ ನಾಳೆಗಿಲ್ಲ. ಹಾಡನ್ನು ನಡುವೆ ಬಿಡಿಸಿ, ಬೆಳೆಸಿ, ಎಲ್ಲೆಲ್ಲೋ ಅಲೆದು, ಮತ್ತೊಂದು ಹಾಡಿನೊಳಗೆ ಬಂದು ಸೇರುತ್ತಿದ್ದರು. ನಮ್ಮಲ್ಲಿ ರಾಗವನ್ನು ಅಲ್ಲೇ ಕೂತು ಬೆಳೆಸುವುದಿಲ್ಲವೇ, ಹಾಗೆ.

ಮೊದಲ ಒಂದು ಗಂಟೆ ನನಗೆ ಬರೀ ಗದ್ದಲ. ಬಿಡುವಿನ ನಂತರದ ಭಾಗದಲ್ಲಿ ಇದ್ದಕ್ಕಿದ್ದಂತೆ ಗಿಟಾರಿನವರೆಲ್ಲ ವೇದಿಕೆಯಿಂದ ಇಳಿದು ಹೋದರು. ಮಿಕ್ಕವರು ಇಬ್ಬರು ಡ್ರಮ್ ವಾದಕರು: ಬಿಲ್ ಕ್ರಾಯ್ಟ್ಸ್‌ಮನ್ ಮತ್ತು ಮಿಕ್ಕಿ ಹಾರ್ಟ್. ಇಬ್ಬರೇ ನುಡಿಸತೊಡಗಿದರು. ನನ್ನ ಸುತ್ತಲಿದ್ದವರು ಒಬ್ಬೊಬ್ಬರಾಗಿ ಎದ್ದು ತಿಂಡಿ ಅಂಗಡಿಯ ಕಡೆ ಹೊರಟರು!

ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಗೆಳತಿ, "ಏಳು, ಏನಾದರೂ ಕುಡಿದು ಬರೋಣ" ಎಂದಳು. ನಾನು ಏಳಲಿಲ್ಲ.

ಅಲ್ಲಿಂದ ಹನ್ನೊಂದು ವರ್ಷದಲ್ಲಿ ನಾನು ಕೇಳಿದ್ದು 63 ಕಚೇರಿ. ಓಕ್‌ಲ್ಯಾಂಡ್, ಲಾಸ್ ವೇಗಸ್, ಆರೆಗನ್‌ನ ಯೂಜೀನ್, ತಂಡ ಹೋದಲ್ಲಿಗೆ ಹಳೆಯ ಟೊಯೋಟಾದಲ್ಲಿ ಹೋಗುತ್ತಿದ್ದೆವು. ಯಜಮಾನರು ಕಾರಿನಲ್ಲೇ ಕೂತು ಪುಸ್ತಕ ಓದುವರು. "ನಿನ್ನ ಜಾತ್ರೆ ಮುಗಿಯಿತೇ?" ಎಂಬುದು ಅವರ ಮಾಮೂಲು ಮಾತು.

ಜಾತ್ರೆಯೇ ಸರಿ. ತಂಡದ ಹಿಂದೆಯೇ ಊರೂರು ಸುತ್ತುವ ಅಭಿಮಾನಿಗಳಿಗೆ ಡೆಡ್‌ಹೆಡ್ ಎಂದು ಹೆಸರು. ಕಾರು ನಿಲ್ಲಿಸುವ ಬಯಲಿನಲ್ಲಿ ಅವರದೊಂದು ಸಂತೆ: ಬಣ್ಣ ಅದ್ದಿದ ಅಂಗಿ, ಮಣಿಸರ, ಚೀಸ್ ಇಟ್ಟು ಸುಟ್ಟ ಬ್ರೆಡ್ಡು. ಟಿಕೆಟ್ ಇಲ್ಲದವರು ಒಂದು ಬೆರಳೆತ್ತಿಕೊಂಡು ಓಡಾಡುತ್ತಿದ್ದರು. ಹೆಚ್ಚಿನ ಟಿಕೆಟ್ ಇದ್ದವರು ಸುಮ್ಮನೆ ಕೈಗಿಟ್ಟು ಹೋಗುವುದೂ ಉಂಟು. ಅದನ್ನು ಅವರು 'ಪವಾಡ' ಅನ್ನುತ್ತಿದ್ದರು. ನಾನೊಮ್ಮೆ ಹಾಗೆ ಒಬ್ಬ ಹುಡುಗನಿಗೆ ಟಿಕೆಟ್ ಕೊಟ್ಟು, ಹಸಿದಿದ್ದಾನೆ ಎಂದು ಪುಳಿಯೋಗರೆಯನ್ನೂ ಕೊಟ್ಟೆ. ಖಾರಕ್ಕೆ ಅತ್ತುಕೊಂಡೇ ಡಬ್ಬಿ ಖಾಲಿ ಮಾಡಿದ.

ಎಲ್ಲವೂ ಚೆನ್ನಾಗಿತ್ತು ಎಂದರೆ ಸುಳ್ಳಾಗುತ್ತದೆ. ಆ ಗುಂಪಿನಲ್ಲಿ ಮಾದಕ ವಸ್ತುಗಳ ಹಾವಳಿ ಇತ್ತು. ಗಾರ್ಸಿಯಾ ಕೂಡ ಆ ಚಟದಲ್ಲಿ ಸಿಕ್ಕಿ ನರಳಿದವನೇ. ಆ ಕಡೆಗೆ ನಾವು ಕಾಲಿಡಲಿಲ್ಲ.

ಟಿಕೆಟ್‌ಗೆ ಅಂಚೆಯಲ್ಲಿ ಬರೆಯಬೇಕಿತ್ತು. ಅಭಿಮಾನಿಗಳು ಲಕೋಟೆಯ ಮೇಲೆ ಬಣ್ಣದ ಚಿತ್ರ ಬಿಡಿಸಿ ಕಳಿಸುತ್ತಿದ್ದರು. ನಾನು ಚುಕ್ಕಿ ರಂಗೋಲಿ ಬಿಡಿಸುತ್ತಿದ್ದೆ. ಅಂಥ ಲಕೋಟೆಗಳು ಎಷ್ಟೋ ಈಗ ಸಾಂತಾಕ್ರೂಜ್‌ನ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ.

ಇನ್ನು ಕ್ಯಾಸೆಟ್ಟಿನ ಮಾತು. ಕಚೇರಿಯನ್ನು ಧ್ವನಿಮುದ್ರಿಸಿಕೊಳ್ಳಲು ಈ ತಂಡ ಜನರನ್ನು ತಡೆಯುತ್ತಿರಲಿಲ್ಲ. 1984ರ ಅಕ್ಟೋಬರಿನಿಂದ ಅವರಿಗೆಂದೇ ಬೇರೆ ಜಾಗ ಕೊಟ್ಟಿತು. ಉದ್ದ ಗಳುಗಳ ತುದಿಯಲ್ಲಿ ಮೈಕುಗಳು ಅಡಿಕೆ ಮರದ ಹಾಗೆ ನಿಂತಿರುತ್ತಿದ್ದವು. ನಿಯಮ ಒಂದೇ: ಹಂಚಿಕೊಳ್ಳಬಹುದು, ಮಾರಬಾರದು. ಗುರುತಿಲ್ಲದವರಿಗೆ ಖಾಲಿ ಕ್ಯಾಸೆಟ್ಟನ್ನೂ ಅಂಚೆ ಖರ್ಚನ್ನೂ ಕಳಿಸಿದರೆ ಹಾಡು ತುಂಬಿಸಿ ಕಳಿಸುತ್ತಿದ್ದರು. ನಾನೂ ಎಷ್ಟೋ ಜನಕ್ಕೆ ಕಳಿಸಿದೆ. ಒಂದು ಕಾಸೂ ಮುಟ್ಟಲಿಲ್ಲ.

1986ರಲ್ಲಿ ಬೆಂಗಳೂರಿಗೆ ಹೊರಟವರ ಕೈಯಲ್ಲಿ ಅಪ್ಪನಿಗೂ ಒಂದು ಕ್ಯಾಸೆಟ್ ಕಳಿಸಿದೆ. ತಿಂಗಳಾದ ಮೇಲೆ ಏರೋಗ್ರಾಮ್ ಬಂತು. "ಹಾಡುಗಳು ನನ್ನ ತಲೆಗೆ ಹತ್ತಲಿಲ್ಲ. ಆದರೆ ಎರಡನೆಯ ಬದಿಯಲ್ಲಿ ಇಬ್ಬರು ತನಿ ನುಡಿಸಿದ್ದಾರಲ್ಲ, ಒಬ್ಬ ಬಿಟ್ಟ ಜಾಗವನ್ನು ಇನ್ನೊಬ್ಬ ತುಂಬುತ್ತಾನೆ. ಕೇಳಿಸಿಕೊಂಡು ನುಡಿಸುವವರು. ಜನ ಯಾಕೆ ಗಲಾಟೆ ಮಾಡುತ್ತಾರೆ? ಅಲ್ಲೂ ಕಾಫಿಗೆ ಏಳುತ್ತಾರೆಯೇ?" ಎಂದು ಬರೆದಿದ್ದರು.

1989ರ ಡಿಸೆಂಬರ್ 27. ತಮ್ಮನ ಫೋನು. "ಅಕ್ಕಾ, ಅಪ್ಪನ್ನ ಆಸ್ಪತ್ರೆಗೆ ಸೇರಿಸಿದೀವಿ. ಗಾಬರಿ ಆಗೋಂಥದ್ದೇನಿಲ್ಲ. ಅನುಕೂಲ ನೋಡ್ಕೊಂಡು ಬಾ." ಮರುದಿನದ ವಿಮಾನಕ್ಕೆ ಸೀಟಿತ್ತು. ಅದು ಬಿಟ್ಟರೆ ಜನವರಿ 1. ನನ್ನ ಬಳಿ ಓಕ್‌ಲ್ಯಾಂಡಿನ 30 ಮತ್ತು 31ರ ಟಿಕೆಟ್ ಇದ್ದವು. ಯಜಮಾನರು, "ನಾಳೆಯೇ ಹೊರಡು" ಎಂದರು. ತಮ್ಮ ಗಾಬರಿಯಿಲ್ಲ ಎಂದಿದ್ದಾನಲ್ಲ ಎಂದು ನಾನು 1ನೇ ತಾರೀಕಿನದು ತೆಗೆದುಕೊಂಡೆ.

31ರ ನಡುರಾತ್ರಿ ಮೇಲಿನಿಂದ ಬಣ್ಣಬಣ್ಣದ ಬಲೂನುಗಳು ಸುರಿದವು. ನಾನೂ ಕುಣಿದೆ. 3ರ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದೆ. ಅಪ್ಪ 2ರಂದೇ ಹೋಗಿಬಿಟ್ಟಿದ್ದರು.

ಕರ್ಮಗಳೆಲ್ಲ ಮುಗಿದ ಮೇಲೆ ತಮ್ಮ ಹೇಳಿದ: "30ನೇ ತಾರೀಕು ನಿನ್ನ ಕೇಳಿದ್ರು. ಕಚೇರಿ ಇದೆಯಂತೆ, ಮುಗಿಸ್ಕೊಂಡು ಬರ್ತಾಳೆ ಅಂದೆ. 'ಹಾಗಾದ್ರೆ ಮುಗಿಸ್ಕೊಂಡೇ ಬರಲಿ' ಅಂದ್ರು."

ಆ ಮಾತು ನನ್ನೊಳಗೆ ಮುಳ್ಳಿನ ಹಾಗೆ ಉಳಿಯಿತು. ಅದು ಅನುಮತಿಯೋ, ಬೇಸರವೋ? ಅಪ್ಪನ ಪೆಟ್ಟಿಗೆಯಲ್ಲಿದ್ದ ಆ ಕ್ಯಾಸೆಟ್ಟನ್ನು ವಾಪಸ್ಸು ತಂದೆ. ಒಂದು ವರ್ಷ ಯಾವ ಕಚೇರಿಗೂ ಹೋಗಲಿಲ್ಲ. 1991ರಲ್ಲಿ ಮಿಕ್ಕಿ ಹಾರ್ಟ್ 'ಪ್ಲಾನೆಟ್ ಡ್ರಮ್' ಎಂಬ ಧ್ವನಿಸಂಪುಟ ತಂದರು. ಅದರಲ್ಲಿ ಜಾಕಿರ್ ಹುಸೇನರ ತಬಲಾ, ಅಪ್ಪನ ಮೆಚ್ಚಿನ ವಿಕ್ಕು ವಿನಾಯಕರಾಮ್ ಅವರ ಘಟ. ವಿಶ್ವ ಸಂಗೀತಕ್ಕೆಂದು ಕೊಟ್ಟ ಮೊದಲ ಗ್ರ್ಯಾಮಿ ಪ್ರಶಸ್ತಿ ಅದಕ್ಕೇ ಬಂತು. ಕೇಳಿ ಹೇಳಿಕೊಳ್ಳಲು ಅಪ್ಪ ಇರಲಿಲ್ಲ. ಆಮೇಲೆ ಮತ್ತೆ ಹೋಗತೊಡಗಿದೆ.

1995ರ ಆಗಸ್ಟ್ 9ರಂದು ಗಾರ್ಸಿಯಾ ತೀರಿಕೊಂಡ. ವಯಸ್ಸು 53. ಮೂವತ್ತು ವರ್ಷಗಳಲ್ಲಿ ಸುಮಾರು 2,300 ಕಚೇರಿ ಮಾಡಿದ್ದ ತಂಡ ಆ ಹೆಸರಿನಲ್ಲಿ ಆಡುವುದನ್ನು ನಿಲ್ಲಿಸಿತು. ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಪಾರ್ಕಿನಲ್ಲಿ ಸೇರಿದ ಸಾವಿರಾರು ಜನರ ನಡುವೆ ನಾನೂ ನಿಂತು ಬಂದೆ. ಯಜಮಾನರು ಅವತ್ತು ಕಾರಿನಲ್ಲಿ ಕೂರದೆ ಜೊತೆಗೆ ಬಂದಿದ್ದರು.

ಹೋದ ವರ್ಷ ನನಗೆ ಮಂಡಿಯ ಆಪರೇಷನ್ ಆಯಿತು. ಮಗಳ ಮನೆ ಎರಡು ಗಂಟೆ ದೂರ. ಮೊಮ್ಮಗ ಫೋನು ಮಾಡಿ, "ಅಜ್ಜಿ, ಶನಿವಾರ ಫುಟ್‌ಬಾಲ್ ಮ್ಯಾಚ್ ಇದೆ. ಬಿಟ್ಟು ಬರ್ಲಾ?" ಎಂದ.

"ಮ್ಯಾಚ್ ಮುಗಿಸ್ಕೊಂಡೇ ಬಾ ಪುಟ್ಟಾ" ಎಂದೆ.

ಹೇಳಿದ ಮೇಲೆ ಫೋನು ಹಿಡಿದುಕೊಂಡೇ ಕೂತೆ. ಅದು ಅಪ್ಪನ ಮಾತು. ಅವನು ಆಡಲಿ ಎಂಬುದು ನನಗೆ ನಿಜವಾಗಿಯೂ ಬೇಕಿತ್ತು. ಈಗಲೇ ಬಂದುಬಿಡಲಿ ಎಂಬುದೂ ಅಷ್ಟೇ ನಿಜವಾಗಿ ಬೇಕಿತ್ತು. ಅಪ್ಪನಿಗೂ ಎರಡೂ ಇದ್ದವೇನೋ. ದೊಡ್ಡವರು ಬಾಯಲ್ಲಿ ಹೇಳುವುದು ಒಂದನ್ನು ಮಾತ್ರ. ಇನ್ನೊಂದನ್ನು ನಾವೇ ಕೇಳಿಸಿಕೊಳ್ಳಬೇಕು.

ಮೊಮ್ಮಗ ಶನಿವಾರ ಸಂಜೆ ಕೆಸರು ಬೂಟಿನಲ್ಲೇ ಬಂದ. ಮ್ಯಾಚ್ ಸೋತಿದ್ದರು. ಬೀರುವಿನಿಂದ ಅಪ್ಪನ ಕ್ಯಾಸೆಟ್ ತೆಗೆಸಿ ಹಾಕಿಸಿದೆ. ಎರಡನೆಯ ಬದಿ. ಗಿಟಾರುಗಳು ನಿಂತವು, ಡ್ರಮ್ಮುಗಳು ಶುರುವಾದವು. ಅವನು ಜ್ಯೂಸ್ ತರಲು ಎದ್ದ.

"ಕೂತ್ಕೋ ಪುಟ್ಟಾ" ಎಂದೆ, "ತನಿ ಬಂತು."