ಶನಿವಾರದ ಅಳಿಯ

ಗಂಡ ಹೆಂಡತಿ ಎಂದರೆ ಒಂದೇ ಮನೆಯಲ್ಲಿ ಇರುವವರು ಎಂದು ನಾವೆಲ್ಲ ತಿಳಿದಿದ್ದೇವೆ. ಪಡಿತರ ಚೀಟಿ, ಮತದಾರರ ಪಟ್ಟಿ, ಮಗುವಿನ ಶಾಲೆಯ ಅರ್ಜಿ ಇವೆಲ್ಲವೂ ಹಾಗೆಂದೇ ತಿಳಿದಿವೆ. ನನಗೆ ಮದುವೆಯಾಗಿ ಹನ್ನೊಂದು ವರ್ಷ. ಬೇಸಿಗೆ ರಜೆ ಮತ್ತು ಹಬ್ಬಗಳನ್ನು ಬಿಟ್ಟು ಲೆಕ್ಕ ಹಾಕಿದರೆ ಹೆಂಡತಿಯೊಂದಿಗೆ ಒಂದೇ ಸೂರಿನಡಿ ಕಳೆದ ರಾತ್ರಿಗಳು ಐನೂರರ ಆಸುಪಾಸು. ಅಂದರೆ ಒಂದೂವರೆ ವರ್ಷವೂ ತುಂಬುವುದಿಲ್ಲ.

ನಾನು ಬೆಂಗಳೂರಿನ ಒಂದು ಪತ್ರಿಕೆಯಲ್ಲಿ ರಾತ್ರಿ ಪಾಳಿಯಲ್ಲಿ ಕರಡು ತಿದ್ದುವವನು. ಹೆಂಡತಿ ಕೆಜಿಎಫ್‌ನ ಸರಕಾರಿ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಾಳೆ. ಮಗಳು ಮತ್ತು ತಾಯಿಯೊಂದಿಗೆ ರಾಬರ್ಟ್‌ಸನ್‌ಪೇಟೆಯ ತವರು ಮನೆಯಲ್ಲಿದ್ದಾಳೆ. ಶನಿವಾರ ನನಗೆ ವಾರದ ರಜೆ; ಭಾನುವಾರ ಸಂಜೆ ಏಳಕ್ಕೆ ಮತ್ತೆ ಮೇಜಿಗೆ ಬಂದು ಕೂರಬೇಕು. ಅವಳಿಗೆ ಶನಿವಾರ ಬೆಳಗಿನ ಶಾಲೆ. ಈ ಎರಡು ವೇಳಾಪಟ್ಟಿಗಳ ನಡುವೆ ಸಿಗುವ ಇಪ್ಪತ್ತನಾಲ್ಕು ಗಂಟೆಯೇ ನಮ್ಮ ಸಂಸಾರ.

ಬೀದಿಯಲ್ಲಿ ನನಗೊಂದು ಹೆಸರಿದೆ: ಹಫ್ತೇ ಕಾ ದಾಮಾದ್. ನಮ್ಮ ದಖ್ಖನಿಯಲ್ಲಿ ಹಫ್ತಾ ಎಂದರೆ ವಾರ, ಹಫ್ತಾ ಎಂದರೆ ಶನಿವಾರವೂ ಹೌದು. ವಾರದ ಅಳಿಯ ಅಥವಾ ಶನಿವಾರದ ಅಳಿಯ, ಹೇಗೆ ಬೇಕಾದರೂ ಅರ್ಥ ಮಾಡಿಕೊಳ್ಳಬಹುದು. ಕನ್ನಡದಲ್ಲಿ ಹಫ್ತಾ ಎಂದರೆ ರೌಡಿಗಳು ಅಂಗಡಿಯವರಿಂದ ಮಾಡುವ ವಸೂಲಿ. ಮೂಲೆ ಮನೆಯ ಖಾಲಾ ಈ ಮೂರನೆಯ ಅರ್ಥವನ್ನೂ ಸೇರಿಸಿಕೊಂಡೇ ಹೇಳುತ್ತಾರೆ: "ಬಂದರು ನೋಡಿ, ಬಿರಿಯಾನಿ ವಸೂಲಿಗೆ."

ಈ ಊರಿಗೆ ಇಂಥ ಸಂಸಾರ ಹೊಸತಲ್ಲ. 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ಹತ್ತು ಮೈಲಿಯ ರೈಲು ಹಳಿ ಹಾಕಿದ್ದು ಗಣಿಗಾಗಿ. ಆಗ ಬಂಗಾರಪೇಟೆಯ ಹೆಸರು ಬೌರಿಂಗ್‌ಪೇಟೆ, ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಹೆಸರಿನದು. ಊರು ಹೆಸರು ಬದಲಿಸಿಕೊಂಡರೂ ರೈಲ್ವೆಯ ಸಂಕೇತಾಕ್ಷರ ಇಂದಿಗೂ ಬಿ.ಡಬ್ಲ್ಯು.ಟಿ. ಎಂದೇ ಇದೆ, ನನ್ನ ಟಿಕೆಟ್ಟಿನಲ್ಲಿ ಪ್ರತಿ ವಾರ ಆ ದೊರೆ ಬಂದು ಹೋಗುತ್ತಾನೆ. ಆ ಹಳಿಯ ಮೇಲೆ ಯಂತ್ರಗಳು ಬಂದವು, ಆರ್ಕಾಟು, ಚಿತ್ತೂರು, ಸೇಲಂ ಕಡೆಯ ಜನ ಬಂದರು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತೂ ಬಂತು, ಬೆಂಗಳೂರಿನ ಬೀದಿಗೆ ದೀಪ ಬರುವ ಮೂರು ವರ್ಷ ಮೊದಲೇ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿತು. ಅಂದಿನಿಂದ ಜನರನ್ನು ಊರಿಗೆ ತಂದ ಹಳಿಯೇ ಅವರನ್ನು ಹೊರಗೆ ಸಾಗಿಸುತ್ತಿದೆ.

ಸಾಗಿಸುತ್ತಿದೆ ಎಂದೆನಲ್ಲ, ಪೂರ್ತಿ ಸಾಗಿಸಿಲ್ಲ. ಕೆಜಿಎಫ್ ಜನ ವಿಚಿತ್ರ. ಕೆಲಸಕ್ಕೆ ಬೆಂಗಳೂರು ಬೇಕು, ಮಲಗಲು ತಮ್ಮ ಊರೇ ಬೇಕು. ನಸುಕಿನ ರೈಲಿಗೆ ಹೋಗಿ ರಾತ್ರಿಯ ರೈಲಿಗೆ ಮರಳುವ ಸಾವಿರಾರು ಮಂದಿ ಇದ್ದಾರೆ. ಸೆಕ್ಯುರಿಟಿಯವರು, ಬಟ್ಟೆ ಕಾರ್ಖಾನೆಯ ಹೆಂಗಸರು, ಕಂಪ್ಯೂಟರ್ ಕಂಪನಿಗಳ ಹುಡುಗರು ಎಲ್ಲರೂ ಇದರಲ್ಲಿದ್ದಾರೆ. 2023ರಲ್ಲಿ ವೈಟ್‌ಫೀಲ್ಡ್‌ವರೆಗೆ ಮೆಟ್ರೋ ಬಂದ ಮೇಲೆ ಅಲ್ಲೇ ಇಳಿದು ಊರೊಳಗೆ ಹೋಗುವವರೂ ಹೆಚ್ಚಾಗಿದ್ದಾರೆ. ಸಂಜೆಯ ಬೋಗಿಯಲ್ಲಿ ಹೆಂಗಸರು ಮಡಿಲಲ್ಲಿ ಪೇಪರು ಹರಡಿ ಹುರುಳಿಕಾಯಿ ಮುರಿಯುತ್ತಿರುತ್ತಾರೆ, ಮನೆ ತಲಪಿದ ಕೂಡಲೇ ಒಲೆ ಹಚ್ಚಬೇಕಲ್ಲ. ಪಕ್ಕದ ಮನೆಯ ಗೆಳೆಯ ಇಂಥ ನಿತ್ಯ ಪ್ರಯಾಣಿಕ. ಮಕ್ಕಳು ಏಳುವ ಮೊದಲು ಹೊರಡುತ್ತಾನೆ, ಮಕ್ಕಳು ಮಲಗಿದ ಮೇಲೆ ಬರುತ್ತಾನೆ. ಒಮ್ಮೆ ಅವನು ಹೇಳಿದ: "ಭಾಯಿ, ನೀವು ಮಗಳನ್ನು ಎಚ್ಚರವಿರುವಾಗ ನೋಡುತ್ತೀರಿ. ನಾನು ಮಲಗಿರುವಾಗ ನೋಡುತ್ತೇನೆ. ಯಾರ ಲೆಕ್ಕ ಜಾಸ್ತಿ?" ನನ್ನ ಬಳಿ ಉತ್ತರ ಇರಲಿಲ್ಲ.

ಕರಾವಳಿಯ ಓದುಗರು ಇದನ್ನೋದಿ ನಗಬಹುದು. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆಯಲ್ಲಿ ಬರುವ ಗಲ್ಫ್ ಗಂಡಂದಿರ ಮನೆಗಳಲ್ಲಿ ಬೆಳೆದವರಿಗೆ ವಾರಕ್ಕೊಮ್ಮೆ ಬರುವವನ ಗೋಳು ಗೋಳೇ ಅಲ್ಲ. ಒಪ್ಪುತ್ತೇನೆ. ಆದರೆ ಗಲ್ಫಿನಿಂದ ಬಂದವನು ಬರುವಾಗ ಹಬ್ಬ, ಹೋಗುವಾಗ ಅಳು. ವಾರದ ಗಂಡನಿಗೆ ಎರಡೂ ಇಲ್ಲ. ಅವನು ಅತಿಥಿಯೂ ಅಲ್ಲ, ಮನೆಯವನೂ ಅಲ್ಲ. ಮಗಳಿಗೆ ಈಗ ಏಳು ವರ್ಷ. ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ ಕೇಳುತ್ತಾಳೆ: "ಅಬ್ಬಾ, ನಾಳೆ ಎಷ್ಟು ಗಂಟೆಗೆ ಹೋಗುತ್ತೀರಿ?" ಬೇಸರದಿಂದಲ್ಲ. ಅವಳಿಗೆ ಅದು ಅಷ್ಟರೊಳಗೆ ಏನೇನು ತೋರಿಸಬೇಕು ಎಂಬ ಲೆಕ್ಕ.

ಅತಿಥಿಯೋ ಮನೆಯವನೋ ಎಂಬ ಪ್ರಶ್ನೆ ನನ್ನನ್ನು ಒಮ್ಮೆ ನಮಾಝಿನ ಚಾಪೆಯ ಮೇಲೂ ಹಿಡಿದು ನಿಲ್ಲಿಸಿತು. ಮದುವೆಯಾದ ಹೊಸತು. ಬೆಂಗಳೂರಿನಿಂದ ಕೆಜಿಎಫ್ ನೂರು ಕಿಲೋಮೀಟರಿನ ಹತ್ತಿರ. ನಾವು ಹನಫಿಗಳು, ನಮ್ಮಲ್ಲಿ ಸುಮಾರು ಎಪ್ಪತ್ತೆಂಟು ಕಿಲೋಮೀಟರ್ ದಾಟಿ ಹೊರಟು, ಹೋದಲ್ಲಿ ಹದಿನೈದು ದಿನಕ್ಕಿಂತ ಕಡಿಮೆ ನಿಲ್ಲುವವನು ಮುಸಾಫಿರ್. ಅವನಿಗೆ ನಾಲ್ಕು ರಕಅತ್‌ನ ಫರ್ಝ್ ಎರಡಾಗುತ್ತದೆ. (ಕರಾವಳಿಯ ಶಾಫಿಗಳಲ್ಲಿ ದಿನಗಳ ಲೆಕ್ಕ ಬೇರೆ, ನಾಲ್ಕು ದಿನ.) ಮಾವನ ಮನೆಯಲ್ಲಿ ಝುಹರ್‌ಗೆ ನಿಂತಾಗ ನನಗೆ ಸಂಶಯ ಬಂತು, ಎರಡೋ ನಾಲ್ಕೋ? ಮಸೀದಿಯ ಹಿರಿಯ ಮೌಲಾನಾ ಸಾಹೇಬರನ್ನು ಕೇಳಿದೆ. ಅವರು ನಕ್ಕರು. "ಹೆಂಡತಿ ಎಲ್ಲಿ ಮನೆ ಮಾಡಿಕೊಂಡಿದ್ದಾಳೋ ಅಲ್ಲಿ ನೀವು ಮುಸಾಫಿರ್ ಅಲ್ಲ. ಒಂದು ಗಂಟೆಗೆಂದು ಬಂದರೂ ಪೂರ್ತಿ ಓದಿ."

ಸಂತೋಷವಾಯಿತು. ಆದರೆ ಅವರು ಅಲ್ಲಿಗೆ ಬಿಡಲಿಲ್ಲ. ನಾನು ಹುಟ್ಟಿದ್ದು ಶಿರಾದಲ್ಲಿ, ಬೆಂಗಳೂರಿನಲ್ಲಿರುವುದು ಬಾಡಿಗೆಯ ಕೋಣೆ, ಅಲ್ಲಿ ಆರು ದಿನಕ್ಕಿಂತ ಹೆಚ್ಚು ಒಟ್ಟಿಗೆ ನಿಲ್ಲುವುದೂ ಇಲ್ಲ. ಹಾಗಿದ್ದರೆ ಬೆಂಗಳೂರಿನಲ್ಲಿ ನೀವು ಮುಸಾಫಿರ್ ಆಗುತ್ತೀರಲ್ಲ ಎಂದರು. ಇನ್ನೊಬ್ಬ ಆಲಿಂ ಬೇರೆ ಮಾತು ಹೇಳಿದರು. ನಿಮ್ಮ ಪಾತ್ರೆ, ಹಾಸಿಗೆ, ಬಾಡಿಗೆ ಕರಾರು ಅಲ್ಲಿದೆ, ಆ ವಾಸ ಮುಂದುವರಿದಂತೆಯೇ, ಅಲ್ಲಿಯೂ ಪೂರ್ತಿ ಓದಿ ಎಂದರು. ನಾನು ಎರಡನೆಯ ಅಭಿಪ್ರಾಯವನ್ನು ಹಿಡಿದುಕೊಂಡೆ. ಆದರೆ ಮೊದಲನೆಯದನ್ನು ಮರೆಯಲು ಆಗಲಿಲ್ಲ. ಆರು ದಿನ ಇರುವ ಕಡೆ ಪ್ರಯಾಣಿಕ, ಒಂದು ದಿನ ಇರುವ ಕಡೆ ನಿವಾಸಿ. ನನ್ನ ಬದುಕನ್ನು ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ.

ಇನ್ನು ಬಂಗಾರಪೇಟೆಯ ಮಾತು. ರಾಬರ್ಟ್‌ಸನ್‌ಪೇಟೆಯ ಮನೆಯಲ್ಲಿ ಎರಡೇ ಕೋಣೆ. ಅಮ್ಮಿ, ಅಂದರೆ ಅತ್ತೆ, ಸದಾ ಮನೆಯಲ್ಲೇ ಇರುತ್ತಾರೆ. ಶನಿವಾರ ನಾನು ಬಂದೆನೆಂದು ಷಡ್ಡಕ, ಅವರ ಮಕ್ಕಳು, ಬೀದಿಯ ಹಿರಿಯರು ಬರುತ್ತಾರೆ. ಎಲ್ಲರೂ ಒಳ್ಳೆಯವರೇ. ಗಂಡ ಹೆಂಡತಿಗೆ ಎರಡು ಮಾತಾಡಲು ಮಾತ್ರ ಜಾಗವಿಲ್ಲ. ಹಾಗಾಗಿ ಮದುವೆಯಾದ ಎರಡನೆಯ ವರ್ಷದಿಂದ ಅವಳು ಶಾಲೆ ಮುಗಿಸಿ ನೇರ ಬಂಗಾರಪೇಟೆಗೆ ಬರತೊಡಗಿದಳು. ನಾನು ಕಂಟೋನ್ಮೆಂಟಿನಲ್ಲಿ ಹತ್ತಿ ಮಾಲೂರು, ಟೇಕಲ್ ದಾಟಿ ಅಲ್ಲಿ ಇಳಿಯುತ್ತೇನೆ. ಮುಂದಿನ ಮಾರಿಕುಪ್ಪಂ ರೈಲೋ ಬಸ್ಸೋ ಹಿಡಿಯುವ ಮೊದಲು ಒಂದು ಗಂಟೆ ನಮ್ಮದು.

ಬಂಗಾರಪೇಟೆಯ ಪಾನಿಪೂರಿಯ ಪಾನಿಗೆ ಬಣ್ಣವಿಲ್ಲ. ಬೇರೆ ಊರಿನವರು ಕೊತ್ತಂಬರಿ ಪುದೀನಾದ ಹಸಿರು ನೀರು ನೋಡಿದವರು ಇದನ್ನು ಕಂಡು ಕೈ ತೊಳೆಯಲು ಇಟ್ಟದ್ದು ಎಂದುಕೊಳ್ಳುತ್ತಾರೆ. ಬಾಯಿಗೆ ಹಾಕಿದ ಮೇಲೆ ಕಣ್ಣಲ್ಲಿ ನೀರು. ಈಗ ಬೆಂಗಳೂರಿನಲ್ಲೂ ಆ ಊರಿನ ಹೆಸರಿನ ಗಾಡಿಗಳು ನಿಲ್ಲುತ್ತವೆ, ಆದರೆ ನಾನು ಅಲ್ಲಿ ತಿನ್ನುವುದಿಲ್ಲ. ಒಂದು ತಟ್ಟೆ ಅವಳದು, ಒಂದು ನನ್ನದು, ಮಗಳಿಗೆ ಒಂದು ಮಸಾಲಪೂರಿ ಪಾರ್ಸೆಲ್. ಆಮೇಲೆ ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತು ಅಮ್ಮಿಯ ಸಕ್ಕರೆ ಕಾಯಿಲೆಯ ಮಾತ್ರೆ, ಮನೆ ಖರ್ಚು, ಶಾಲೆಯ ಸುದ್ದಿ. ತಮಿಳು, ತೆಲುಗು, ದಖ್ಖನಿ ಮನೆಮಾತಿನ ಮಕ್ಕಳಿಗೆ ಅವಳು ಕನ್ನಡ ಕಲಿಸುತ್ತಾಳೆ. ಚಾಂಪಿಯನ್, ಕೋರಮಂಡಲ್ ಎಂಬ ನಿಲ್ದಾಣಗಳ ಊರಿನಲ್ಲಿ ಅಲ್ಪಪ್ರಾಣ ಮಹಾಪ್ರಾಣ ತಿದ್ದುವ ಕಷ್ಟವನ್ನು ಅವಳ ಬಾಯಲ್ಲೇ ಕೇಳಬೇಕು. ಜಗಳವೂ ಅಲ್ಲೇ ಆಗುತ್ತದೆ. ಜಗಳಕ್ಕೆ ಒಂದು ಗಂಟೆ ಸಾಲದು, ಅದಕ್ಕೇ ಅರ್ಧಕ್ಕೆ ನಿಂತ ಜಗಳಗಳು ನಮ್ಮಲ್ಲಿ ಬಹಳ ಇವೆ.

2020ರ ಮಾರ್ಚ್‌ನಲ್ಲಿ ರೈಲು ನಿಂತಾಗ ಆ ಗಂಟೆಯೂ ನಿಂತಿತು. ಪತ್ರಿಕೆಯವನಾದ್ದರಿಂದ ನಗರದೊಳಗೆ ಓಡಾಡಲು ನನಗೆ ಪಾಸ್ ಇತ್ತು, ಜಿಲ್ಲೆ ದಾಟಲು ಇರಲಿಲ್ಲ. ಆ ವರ್ಷದ ರಮಝಾನ್ ಇಡೀ ಕೋಣೆಯಲ್ಲಿ ಒಬ್ಬನೇ ಇಫ್ತಾರ್ ಮಾಡಿದೆ. ಮೇ 25ರ ಈದ್ ದಿನ ವಿಡಿಯೋ ಕರೆಯಲ್ಲಿ ಶೀರ್‌ಕುರ್ಮಾ ನೋಡಿದೆ. ಜೂನ್ ಮೊದಲ ವಾರ ಗೆಳೆಯನ ಸ್ಕೂಟರಿನಲ್ಲಿ ಹೋದಾಗ ಎರಡು ವರ್ಷದ ಮಗಳು ಅಜ್ಜಿಯ ಹಿಂದೆ ಅಡಗಿದಳು. ಮುಖಕ್ಕೆ ಮಾಸ್ಕ್ ಇತ್ತು, ಅದಕ್ಕೇ ಎಂದು ಎಲ್ಲರೂ ಹೇಳಿದರು. ಮಾಸ್ಕ್ ತೆಗೆದ ಮೇಲೂ ಅವಳು ಬರಲಿಲ್ಲ. ಸಂಜೆ ಹೊತ್ತಿಗೆ ಬಂದಳು.

ಈಗ ಈ ವರ್ಷದ ವಿಷಯ. ಸರಕಾರಿ ಶಿಕ್ಷಕರಿಗೆ ಪರಸ್ಪರ ವರ್ಗಾವಣೆ ಎಂಬ ದಾರಿಯಿದೆ. ಬೆಂಗಳೂರಿನ ಶಾಲೆಯೊಂದರ ಕನ್ನಡ ಶಿಕ್ಷಕಿಗೆ ಗಂಡನ ಮನೆ ಬಂಗಾರಪೇಟೆ. ಅವರೇ ಯಾರಿಂದಲೋ ನಂಬರು ಪಡೆದು ಹೆಂಡತಿಗೆ ಫೋನ್ ಮಾಡಿದರು. "ನೀವು ಇಲ್ಲಿಗೆ ಬನ್ನಿ, ನಾನು ಅಲ್ಲಿಗೆ ಬರುತ್ತೇನೆ, ಇಬ್ಬರದೂ ಸಂಸಾರ ಒಂದಾಗುತ್ತದೆ." ಹನ್ನೊಂದು ವರ್ಷ ಕಾದ ಮಾತು. ನಾನು ಆ ಶನಿವಾರ ಬಾಡಿಗೆ ಮನೆಗಳ ಪಟ್ಟಿಯನ್ನೇ ಹಿಡಿದುಕೊಂಡು ಬಂಗಾರಪೇಟೆಯಲ್ಲಿ ಇಳಿದೆ.

ಅವಳು ಪಟ್ಟಿ ಓದಿ ಮಡಚಿದಳು. "ನಿಮ್ಮದು ರಾತ್ರಿ ಪಾಳಿ, ನನ್ನದು ಹಗಲು ಪಾಳಿ. ನಾನು ಶಾಲೆಗೆ ಹೊರಡುವಾಗ ನೀವು ಮಲಗಿರುತ್ತೀರಿ, ನಾನು ಬರುವಾಗ ನೀವು ಹೊರಡುತ್ತೀರಿ. ಒಂದೇ ಮನೆಯಲ್ಲಿದ್ದರೂ ನಮ್ಮ ಭೇಟಿ ಶನಿವಾರವೇ. ಅದಕ್ಕೆ ಅಮ್ಮಿಯನ್ನು ಊರು ಬಿಡಿಸಬೇಕಾ?"

ಹಗಲು ಪಾಳಿ ಕೇಳುತ್ತೇನೆ ಎಂದೆ. ಹಗಲಿಗೆ ಹೋದರೆ ರಾತ್ರಿ ಭತ್ಯೆ ಹೋಗುತ್ತದೆ, ಆ ಪಟ್ಟಿಯ ಯಾವ ಮನೆಯ ಬಾಡಿಗೆಯೂ ಎಟುಕುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅಷ್ಟರಲ್ಲಿ ಮಾರಿಕುಪ್ಪಂ ರೈಲು ಬಂತು.

ಅಮ್ಮಿಯ ವಿಷಯ ಹೇಳಬೇಕು. ಮಾವ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಆಳದ ಗಣಿ; ಕೆಳಗೆ ಬಂಡೆ ಸಿಡಿದರೆ ಮೇಲೆ ಮನೆಯ ಪಾತ್ರೆ ಅಲುಗುತ್ತಿದ್ದವಂತೆ. ದುರಸ್ತಿಗೆ ಮಾವ ಕೆಳಗೆ ಇಳಿದ ದಿನ ಅಮ್ಮಿ ಅಡುಗೆ ಮಾಡಿಟ್ಟು ಸೈರನ್ ಕೇಳುವವರೆಗೆ ಬಾಗಿಲಲ್ಲೇ ಕೂರುತ್ತಿದ್ದರು. "ನನ್ನ ಗಂಡ ದಿನವೂ ಮನೆಗೆ ಬಂದರು, ದಿನವೂ ಭಯವಿತ್ತು. ನಿಮ್ಮಿಂದ ಭಯವಿಲ್ಲ, ಶನಿವಾರ ಬಂದೇ ಬರುತ್ತೀರಿ" ಎಂದು ಒಮ್ಮೆ ನನಗೆ ಹೇಳಿದ್ದರು. ಹೊಗಳಿಕೆಯೇ ಇರಬೇಕು. ಮಾವ ಗಣಿ ಮುಚ್ಚಿದ ಕೆಲವೇ ವರ್ಷದಲ್ಲಿ ತೀರಿಕೊಂಡರು, ಅವರ ಖಬರ್ ಈ ಊರಿನಲ್ಲಿದೆ. ಮಾಳಿಗೆ ಹತ್ತಿದರೆ ಕಾಣುವ ಸೈನೈಡ್ ದಿಬ್ಬಗಳನ್ನು ನೋಡಲು 2018ರ ಸಿನಿಮಾ ಬಂದ ಮೇಲೆ ಹುಡುಗರು ಬೈಕಿನಲ್ಲಿ ಬರುತ್ತಾರೆ. ಅಮ್ಮಿಗೆ ಅದು ಗಾಳಿಯ ದಿನಗಳಲ್ಲಿ ಒಣಗಿದ ಬಟ್ಟೆಯ ಮೇಲೆ ಕೂರುವ ಬೂದು ಹುಡಿ, ಅಷ್ಟೆ. ಬೈಯುತ್ತಾ ಕೊಡವುತ್ತಾರೆ. ಊರು ಬಿಡುವ ಮಾತೆತ್ತಿದರೆ ಕಿವಿ ಕೇಳದವರಂತೆ ಇರುತ್ತಾರೆ.

ಆ ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ನಾವಿಬ್ಬರೂ ವರ್ಗಾವಣೆಯ ಮಾತು ಎತ್ತಿರಲಿಲ್ಲ. ಆ ಶಿಕ್ಷಕಿಗೆ ದಸರಾ ರಜೆ ಮುಗಿಯುವುದರೊಳಗೆ ಉತ್ತರ ಹೇಳುತ್ತೇನೆಂದು ಹೆಂಡತಿ ಗಡುವು ಪಡೆದಿದ್ದಳು. ಮಗಳು ಬಾಯಿ ಬಿಟ್ಟಿದ್ದಾಳೋ, ಗೋಡೆಗೆ ಕಿವಿಯಿತ್ತೋ, ಅಮ್ಮಿ ನನ್ನ ತಟ್ಟೆಗೆ ಸಾರು ಹಾಕುತ್ತಾ ಕೇಳಿದರು:

"ಬೆಂಗಳೂರಿನಲ್ಲಿ ಮನೆ ಮಾಡಿದರೆ, ಬೇಟಾ, ಶನಿವಾರ ಶನಿವಾರ ನಾವು ಇಲ್ಲಿಗೆ ಬಂದು ಹೋಗಬಹುದಾ?"

ಹೆಂಡತಿ ನನ್ನ ಮುಖ ನೋಡಿದಳು. ಬರಬಹುದು ಅಮ್ಮಿ, ರೈಲಿದೆ ಎಂದೆ. ಅವರು ಇನ್ನೊಂದು ಸೌಟು ಸಾರು ಹಾಕಿ ಒಳಗೆ ಹೋದರು. ದಸರಾ ರಜೆಗೆ ಇನ್ನೂ ಮೂರು ವಾರ ಇತ್ತು.