ಗೆರೆ ದಾಟಿದ ಚೆಂಡು

2023ರ ಮಾರ್ಚ್ 3ರ ರಾತ್ರಿ. ಚಾಮರಾಜನಗರಕ್ಕೆ ಮರಳುವ ಬಸ್ಸು ತಪ್ಪಿ, ಗುಂಡ್ಲುಪೇಟೆಯ ಚಹಾದಂಗಡಿಯೊಂದರಲ್ಲಿ ಕುಳಿತಿದ್ದೆ. ಬಂಡೀಪುರದ ಕಾಡು ದಾಟಿದರೆ ವಯನಾಡು; ಹೀಗಾಗಿ ಟಿ.ವಿ. ಮುಂದಿನ ಒಂದೇ ಬೆಂಚಿನಲ್ಲಿ ಎರಡು ರಾಜ್ಯಗಳು! ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿಗೂ ಕೇರಳ ಬ್ಲಾಸ್ಟರ್ಸ್‌ಗೂ ಫುಟ್‌ಬಾಲ್ ಪಂದ್ಯ.

ಹೆಚ್ಚುವರಿ ವೇಳೆಯಲ್ಲಿ ಫ್ರೀ ಕಿಕ್ ಸಿಕ್ಕಿತು. ಎದುರಾಳಿಗಳು ಸಾಲುಗಟ್ಟಿ ನಿಲ್ಲುವ ಮೊದಲೇ ಸುನಿಲ್ ಛೆಟ್ರಿ ಚೆಂಡನ್ನು ಬಲೆಗೆ ಸೇರಿಸಿಬಿಟ್ಟರು. ರೆಫರಿ ಗೋಲೆಂದರು. ಕೇರಳದವರು ಮೈದಾನ ಬಿಟ್ಟೇ ಹೊರಟರು. ಆಮೇಲೆ ಅವರಿಗೆ ನಾಲ್ಕು ಕೋಟಿ ರೂಪಾಯಿ ದಂಡ ಬಿತ್ತು.

ಟಿ.ವಿ.ಯವರು ಆ ಗೋಲನ್ನು ಮತ್ತೆ ಮತ್ತೆ ತೋರಿಸಿದರು. "ನೋಡಿದಿರಾ ಮೇಷ್ಟ್ರೇ, ಎಂಥ ಅನ್ಯಾಯ!" ಎಂದರು ಅಂಗಡಿಯ ಕಾಕಾ. ಅದೇ ಚಿತ್ರ ನನಗೆ ನ್ಯಾಯವಾಗಿ ಕಂಡಿತು. 2018ರ ವಿಶ್ವಕಪ್ಪಿನಲ್ಲಿ ರೆಫರಿಗಳು ಚಿತ್ರ ನೋಡಿ ತೀರ್ಪು ತಿದ್ದಿಕೊಂಡರು. ಇಲ್ಲಿ ಆ ಏರ್ಪಾಡಿರಲಿಲ್ಲ. ಇದ್ದರೂ, ಚೆಂಡು ಗೆರೆ ದಾಟಿತೇ ಎಂಬುದನ್ನು ಚಿತ್ರ ಹೇಳೀತು. 'ಸೀಟಿಗೆ ಕಾಯಿರಿ' ಎಂದು ರೆಫರಿ ಹೇಳಿದ್ದರೇ ಎಂಬುದನ್ನು ಹೇಗೆ ಹೇಳೀತು?

ಹೀಗೆ ವಾದಿಸಿದ ನಾನೂ ಒಂದು ಕಾಲದಲ್ಲಿ ಚಾಮರಾಜನಗರದಲ್ಲಿ ಹುಡುಗರ ಪಂದ್ಯಕ್ಕೆ ಸೀಟಿ ಹಿಡಿದವನೇ. ಗೆರೆಯ ಸುಣ್ಣ ಕಾಲ್ತುಳಿತಕ್ಕೆ ಅಳಿಸಿಹೋಗಿತ್ತು. ಚೆಂಡು ದಾಟಲಿಲ್ಲವೆಂದೆ. ಒದ್ದ ಹುಡುಗ ಜಗಳಕ್ಕೆ ಬರಲಿಲ್ಲ; ನನ್ನ ಮುಖ ನೋಡಿ, "ಆಗಲಿ ಸಾರ್" ಎಂದು ಹಿಂದಿರುಗಿದ. ಅಂದು ಒಂದು ಕ್ಯಾಮರಾ ಇದ್ದಿದ್ದರೆ ಅವನಿಗೆ ಗೋಲು ಸಿಗುತ್ತಿತ್ತು, ನನಗೆ ನಿದ್ದೆ.

ಈಗಲೂ ಕಣ್ಣು ಮುಚ್ಚಿದರೆ ಆ ಆಟ ಮತ್ತೆ ನಡೆಯುತ್ತದೆ. ಪ್ರತಿ ಸಲವೂ ಚೆಂಡು ಗೆರೆ ದಾಟಿಯೇ ಇರುತ್ತದೆ.