ಬಾಪ್ಪು ಕಳಿಸುವ ವಿಜ್ಞಾನ

ನಮ್ಮ ಬಾಪ್ಪುವಿಗೆ, ಅಂದರೆ ಚಿಕ್ಕಪ್ಪನಿಗೆ, ವಿಜ್ಞಾನದ ಸುದ್ದಿಗಳೆಂದರೆ ಬಲು ಪ್ರೀತಿ. ಬೆಳಗಿನ ಪೂಜೆ ಮುಗಿಸಿ ಇಗರ್ಜಿಯ ಮೆಟ್ಟಿಲಿಳಿಯುವಷ್ಟರಲ್ಲಿ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದನ್ನು ದಾಟಿಸಿರುತ್ತಾರೆ. ಅವರ ಸುದ್ದಿಗಳಲ್ಲಿ ಎರಡೇ ಜಾತಿ. ದೇವರಿದ್ದಾನೆಂದು ವಿಜ್ಞಾನಿಗಳು ಕೊನೆಗೂ ಒಪ್ಪಿಕೊಂಡರು ಎಂಬುದೊಂದು. ದೇವರಿಲ್ಲವೆಂದು ಸಾಧಿಸಲು ಹೊರಟಿದ್ದಾರೆ, ಎಚ್ಚರ ಎಂಬುದು ಇನ್ನೊಂದು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಅವರ ಮಗ ಎರಡಕ್ಕೂ ತುಟಿ ಬಿಚ್ಚುವುದಿಲ್ಲ. ನಾನು ಎರಡನ್ನೂ ಓದುತ್ತೇನೆ. ಕ್ರೈಸ್ತನಾಗಿ ಹೇಳುವುದಾದರೆ, ನಮ್ಮ ವಿಶ್ವಾಸಕ್ಕೆ ಎರಡನೆಯದಕ್ಕಿಂತ ಮೊದಲನೆಯದೇ ಹೆಚ್ಚು ಕೆಡುಕು.

2012ರ ಜುಲೈ 4ರಂದು ಜಿನೀವಾದ ಬಳಿಯ ಸರ್ನ್ ಪ್ರಯೋಗಾಲಯದವರು ಹಿಗ್ಸ್ ಬೋಸಾನ್‌ನ ಲಕ್ಷಣವಿರುವ ಕಣ ಸಿಕ್ಕಿತೆಂದು ಸಾರಿದಾಗ ನಮ್ಮ ಗುಂಪು ಇನ್ನೂ ಹುಟ್ಟಿರಲಿಲ್ಲ. ಬಾಪ್ಪು ಫೋನೇ ಮಾಡಿದರು. "ದೇವಕಣ ಸಿಕ್ಕಿತಂತಲ್ಲ ಮಾರಾಯ, ಇನ್ನು ಪಾದ್ರಿಗಳಿಗೆ ಪ್ರಸಂಗ ಸುಲಭ!" ಆ ಹೆಸರು ಲಿಯಾನ್ ಲೆಡರ್‌ಮನ್ ಎಂಬ ಭೌತವಿಜ್ಞಾನಿ 1993ರಲ್ಲಿ ಬರೆದ ಪುಸ್ತಕದಿಂದ ಬಂದದ್ದು. ಸ್ವತಃ ಪೀಟರ್ ಹಿಗ್ಸ್‌ಗೇ ಅದು ಹಿಡಿಸುತ್ತಿರಲಿಲ್ಲ. ಪುಣ್ಯಕ್ಕೆ ನಮ್ಮ ಪಾದ್ರಿಗಳು ಆ ಭಾನುವಾರ ಸುವಾರ್ತೆಯನ್ನೇ ಬೋಧಿಸಿದರು.

ಟ್ಯೂರಿನ್ ನಗರದ ವಸ್ತ್ರದ ಕತೆಯೂ ಇಂಥದೇ. ಯೇಸುವಿನ ಪಾರ್ಥಿವ ಶರೀರಕ್ಕೆ ಸುತ್ತಿದ್ದೆಂದು ಅನೇಕರು ನಂಬುವ ಆ ನಾರುಬಟ್ಟೆಯ ಚೂರುಗಳನ್ನು 1988ರಲ್ಲಿ ಆಕ್ಸ್‌ಫರ್ಡ್, ಜ್ಯೂರಿಕ್ ಮತ್ತು ಅರಿಜೋನಾದ ಪ್ರಯೋಗಾಲಯಗಳು ಪರೀಕ್ಷಿಸಿ, ಅದು 1260ರಿಂದ 1390ರ ನಡುವಿನದು ಎಂದವು. ಅಂದಿನಿಂದ ಆಗಾಗ್ಗೆ ಆ ಪರೀಕ್ಷೆ ತಪ್ಪೆಂದು ಒಂದು ಸುದ್ದಿ, ಸರಿಯೆಂದು ಇನ್ನೊಂದು. ನನ್ನ ವಿಶ್ವಾಸ ಆ ಬಟ್ಟೆಗೆ ಜೋತುಬಿದ್ದಿದ್ದರೆ ಇಷ್ಟು ಹೊತ್ತಿಗೆ ಎಷ್ಟೋ ಸಲ ಇಗರ್ಜಿ ಬಿಟ್ಟು ಎಷ್ಟೋ ಸಲ ಹಿಂದಿರುಗಬೇಕಿತ್ತು.

ಈ ವಿಷಯದಲ್ಲಿ ನನಗೆ ಗುರುವೆಂದರೆ ಜಾರ್ಜ್ ಲೆಮೈತ್ರ್. ಬೆಲ್ಜಿಯಂನವರು. 1923ರಲ್ಲಿ ಗುರುದೀಕ್ಷೆ ಪಡೆದ ಕಥೋಲಿಕ ಪಾದ್ರಿ, ಜೊತೆಗೆ ಲೂವೆನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲೇ ಲೆಕ್ಕ ಹಾಕಿ ತೋರಿಸಿದವರು. ಲೆಕ್ಕವೇನೋ ಸರಿ, ಭೌತವಿಜ್ಞಾನ ಮಾತ್ರ ಅಸಹ್ಯ ಎಂಬರ್ಥದಲ್ಲಿ ಐನ್‌ಸ್ಟೈನ್ ಮೂಗು ಮುರಿದರಂತೆ. ಆಮೇಲೆ ಅವರೇ ಒಪ್ಪಬೇಕಾಯಿತು. ಎಲ್ಲವೂ ಒಂದು ಆದಿಕಣದಿಂದ ಹೊರಟಿತೆಂದು ಲೆಮೈತ್ರ್ 1931ರಲ್ಲಿ ಬರೆದರು. ಇಂದು ಮಕ್ಕಳೂ ಹೇಳುವ ಮಹಾಸ್ಫೋಟದ ಬೀಜ ಅದೇ.

1951ರಲ್ಲಿ ಹನ್ನೆರಡನೆಯ ಪಿಯುಸ್ ಪೋಪರು ಒಂದು ಭಾಷಣ ಮಾಡಿ, ಹೊಸ ವಿಜ್ಞಾನ ಸೃಷ್ಟಿಗೆ ಸಾಕ್ಷಿ ನುಡಿಯುತ್ತಿದೆ ಎಂಬ ಧಾಟಿಯಲ್ಲಿ ಸಂತೋಷಪಟ್ಟರು. ಬೇರೆ ಯಾವ ಪಾದ್ರಿಯಾಗಿದ್ದರೂ ಹಿಗ್ಗಿ ಹೀರೇಕಾಯಿ ಆಗುತ್ತಿದ್ದ. ಲೆಮೈತ್ರ್‌ಗೆ ಕಸಿವಿಸಿಯಾಯಿತು. ತನ್ನದು ಒಂದು ಊಹೆ, ನಾಳೆ ಬಿದ್ದುಹೋದರೂ ಹೋಗಬಹುದು, ಅದರ ಮೇಲೆ ದೇವರನ್ನು ಕೂರಿಸಬೇಡಿ ಎಂಬುದು ಅವರ ನಿಲುವು. ಆ ಮಾತನ್ನು ವ್ಯಾಟಿಕನ್‌ವರೆಗೂ ಮುಟ್ಟಿಸಿದರು. ಮರುವರ್ಷ ರೋಮ್‌ನಲ್ಲಿ ಸೇರಿದ ಖಗೋಳಶಾಸ್ತ್ರಜ್ಞರೆದುರು ಮಾತಾಡಿದ ಪೋಪರು ಆ ವಾದವನ್ನು ಎತ್ತಲಿಲ್ಲ. ಜಗದ್ಗುರುವಿಗೆ ಒಬ್ಬ ಪಾದ್ರಿ ವಿನಯದಿಂದಲೇ ಬೇಡ ಎಂದದ್ದು ನನ್ನ ಮಟ್ಟಿಗೆ ಅವರ ಸಮೀಕರಣಗಳಷ್ಟೇ ದೊಡ್ಡ ಸಾಧನೆ. 1966ರಲ್ಲಿ ತೀರಿಕೊಳ್ಳುವ ಮೊದಲು, ಮಹಾಸ್ಫೋಟದ ಉಳಿದ ಬಿಸಿ ಆಕಾಶದಲ್ಲಿ ಪತ್ತೆಯಾದ ಸುದ್ದಿ ಅವರ ಕಿವಿಗೆ ಬಿದ್ದಿತ್ತು.

ಇಗರ್ಜಿಯನ್ನೇ ಹೊಗಳುತ್ತಾ ಕೂರಲು ನಾನು ಹೊರಟಿಲ್ಲ. ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂಬುದು ನಮಗೆ ಕಟ್ಟಳೆ. 1633ರಲ್ಲಿ ಗೆಲಿಲಿಯೋಗೆ ಶಿಕ್ಷೆ ಕೊಟ್ಟದ್ದು ತಪ್ಪಾಯಿತೆಂದು ಎರಡನೆಯ ಜಾನ್ ಪಾಲ್ ಪೋಪರ ಬಾಯಿಂದ ಬರಲು 1992 ಆಗಬೇಕಾಯಿತು. 359 ವರ್ಷ!

ಇನ್ನು ನಮ್ಮ ಕರಾವಳಿಯ ದಿನನಿತ್ಯದ ಬದುಕಿಗೆ ಬಂದರೆ, ಸೆಪ್ಟೆಂಬರ್ 8ರ ಮೊಂತಿ ಹಬ್ಬ. ಮರಿಯಮ್ಮನ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬ. ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಅರ್ಪಿಸುತ್ತಾರೆ, ಪಾದ್ರಿಗಳು ತೆನೆ ಆಶೀರ್ವದಿಸಿ ಮನೆಗಿಷ್ಟು ಎಂದು ಹಂಚುತ್ತಾರೆ. ಮನೆಯಲ್ಲಿ ಅದರ ಕಾಳು ಸುಲಿದು ಪಾಯಸಕ್ಕೋ ಹಾಲಿಗೋ ಬೆರೆಸಿ, ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುತ್ತೇವೆ. ಆ ದಿನ ಮೀನಿಲ್ಲ, ಮಾಂಸವಿಲ್ಲ. ನಮ್ಮ ಬಯಲುಗಳಲ್ಲಿ ಹೆಚ್ಚಾಗಿ ಬೆಳೆಯುವುದು ಎಂಒ-4 ಭತ್ತ, ಅಂದರೆ ಭದ್ರಾ. ಕೇರಳದ ಮೊಂಕೊಂಬಿನ ಸಂಶೋಧನಾ ಕೇಂದ್ರದಲ್ಲಿ ಸಂಕರ ಮಾಡಿ ಹುಟ್ಟಿಸಿದ ತಳಿ. ಸಂಕರದ ಲೆಕ್ಕವನ್ನು ಜಗತ್ತಿಗೆ ಕಲಿಸಿದವರು ಬ್ರನೋ ಪಟ್ಟಣದ ಅಗಸ್ಟಿನ್ ಮಠದ ಸನ್ಯಾಸಿ ಗ್ರೆಗರ್ ಮೆಂಡೆಲ್. ಮಠದ ಹಿತ್ತಲಲ್ಲಿ ಸುಮಾರು 28,000 ಬಟಾಣಿ ಗಿಡ ಬೆಳೆಸಿ, ಕಾಳು ಎಣಿಸಿ, 1866ರಲ್ಲಿ ಪ್ರಕಟಿಸಿದರು. ಯಾರೂ ಹೆಚ್ಚು ಗಮನಿಸಲಿಲ್ಲ. 1884ರಲ್ಲಿ ಅವರು ತೀರಿಹೋದರು, ಜಗತ್ತಿಗೆ ಬೆಲೆ ತಿಳಿದದ್ದು 1900ರಲ್ಲಿ. ಆಶೀರ್ವಾದಕ್ಕೆ ಬರುವ ತೆನೆಯಲ್ಲಿ ಆ ಸನ್ಯಾಸಿಯ ಎಣಿಕೆಯ ಪಾಲೂ ಇದೆ. ಇದು ದೇವರಿಗೆ ಪುರಾವೆಯಲ್ಲ. ಮೆಂಡೆಲ್ ನಾಸ್ತಿಕನಾಗಿದ್ದರೂ ಬಟಾಣಿ ಮೂರಕ್ಕೊಂದರ ಅನುಪಾತದಲ್ಲೇ ಕಾಳು ಕೊಡುತ್ತಿತ್ತು. ಆದರೂ ಅವರು ಮಠದವರು ಎಂಬುದು ನನಗೆ ಖುಷಿ, ಅಷ್ಟೇ.

ನಿಜವಾದ ಪರೀಕ್ಷೆ ಬಂದದ್ದು 2020ರಲ್ಲಿ. ಇಗರ್ಜಿಗಳು ಮುಚ್ಚಿ ಮತ್ತೆ ತೆರೆದಾಗ ಬಾಗಿಲಿನ ತೀರ್ಥದ ಬಟ್ಟಲು ಒಣಗಿತ್ತು, ಪಕ್ಕದಲ್ಲಿ ಸ್ಯಾನಿಟೈಜರ್ ಬಾಟಲಿ ನಿಂತಿತ್ತು. ನಾಲಗೆಯ ಮೇಲೆ ಪಡೆಯುತ್ತಿದ್ದ ಪರಮಪ್ರಸಾದವನ್ನು ಕೈಯಲ್ಲಿ ತೆಗೆದುಕೊಳ್ಳಿ ಎಂದರು. ಗೊಣಗಿದವರಿದ್ದರು. "ದೇವರ ಮನೆಯಲ್ಲಿ ರೋಗ ಹರಡುವುದುಂಟಾ?" ಎಂದು ಬಾಪ್ಪುವೇ ಕೇಳಿದರು. ಅವರಿಗೆ ಉತ್ತರ ಕೊಟ್ಟದ್ದು ಚಿಕ್ಕಮ್ಮ: "ಬಿಪಿ ಮಾತ್ರೆ ನುಂಗಿಯೇ ನೀವು ಪೂಜೆಗೆ ಹೋಗುವುದಲ್ಲವಾ?" ಬಾಪ್ಪು ಕೈ ಚಾಚಿ ಸ್ಯಾನಿಟೈಜರ್ ಹಾಕಿಸಿಕೊಂಡರು.

ನಮ್ಮವರಲ್ಲಿ ನನ್ನದು ಇಷ್ಟೇ ವಿನಂತಿ. ಮಗುವಿನ ಲಸಿಕೆಯ ದಿನ ಬಂದರೆ ನೊವೇನ ಮುಗಿಯಲಿ ಎಂದು ಕಾಯಬೇಡಿ. ಮೊದಲು ಲಸಿಕೆ ಹಾಕಿಸಿ, ಸಂಜೆ ನೊವೇನಕ್ಕೂ ಬನ್ನಿ.